ಕಾರಿನ ಉಬ್ಬಸ

ಮಾರ್ಚ್ 3, ಸೋಮವಾರ

ಈ ಪುಸ್ತಕದಲ್ಲಿ ಬರೆಯಲು ಶುರುಮಾಡಿದ್ದು ನನ್ನ ಇಷ್ಟದಿಂದಲ್ಲ. “ಕಾರು ಯಾವಾಗ ಜಗ್ಗುತ್ತೆ, ಆಗ ಯಾರು ಓಡಿಸ್ತಿದ್ರು, ಬರೆದಿಡಿ ಮೇಡಂ” ಎಂದು ಗ್ಯಾರೇಜಿನವಳು ಹೇಳಿದಳು. ಬರೆದಿಡುತ್ತೇನೆ. ಅವಳಿಗೆ ಕೊಡುವುದು ಹೊತ್ತು ಗಳಿಗೆ ಬರೆದ ಚೀಟಿ ಮಾತ್ರ, ಉಳಿದದ್ದು ನನಗೆ. ಹತ್ತೊಂಬತ್ತು ವರ್ಷದಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿರುವವಳಿಗೆ ಹೇಳಿಕೊಳ್ಳುವುದು ಬೇಕಾದಷ್ಟಿರುತ್ತದೆ, ಕೇಳುವವರು ಇರುವುದಿಲ್ಲ. ನಮ್ಮ ಯಜಮಾನರಂತೂ ನಾನು ಬಾಯಿ ತೆರೆದ ಕೂಡಲೇ ಪೇಪರನ್ನು ಇನ್ನಷ್ಟು ಅಗಲ ಮಾಡುತ್ತಾರೆ.

ಕಾಯಿಲೆ ಹೀಗಿದೆ. ಕಾರು ಚೆನ್ನಾಗಿಯೇ ಹೋಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಉಬ್ಬಸ ಬಂದವರ ಹಾಗೆ ಉಸಿರು ಕಟ್ಟಿ, ಮುಗ್ಗರಿಸಿ, ಎರಡು ಸಲ ಜಗ್ಗಿ, ಮತ್ತೆ ಏನೂ ಆಗದವರಂತೆ ಓಡುತ್ತದೆ. ಹಿಂದಿನ ಮೆಕ್ಯಾನಿಕ್ ಮೊದಲು ಪ್ಲಗ್ ಬದಲಿಸಿದ, ಆಮೇಲೆ ಪೆಟ್ರೋಲ್ ಪಂಪ್ ಬದಲಿಸಿದ, ಕೊನೆಗೆ ತನ್ನ ಫೋನ್ ನಂಬರ್ ಬದಲಿಸಿದ.

ಹಾಗಾಗಿ ಈ ಹೊಸ ಗ್ಯಾರೇಜು. ಮಾವ ಕಟ್ಟಿದ್ದನ್ನು ಸೊಸೆ ನೋಡಿಕೊಳ್ಳುತ್ತಿದ್ದಾಳೆ. ಮೂವತ್ತೈದರ ಹೆಂಗಸು. ಬಾನೆಟ್ ಎತ್ತಲಿಲ್ಲ, ಎಂಜಿನ್ ಸದ್ದು ಕೇಳಲಿಲ್ಲ. ಸ್ಟೀರಿಂಗ್ ಕೆಳಗೆ ಬಗ್ಗಿ ಒಂದು ವೈರ್ ಚುಚ್ಚಿ, ಸ್ಲೇಟಿನಷ್ಟು ಅಗಲದ ಸ್ಕ್ಯಾನರ್ ಹಿಡಿದು ಕುಳಿತಳು.

“ಏನಂತೆ?”

“ಏನೂ ಇಲ್ಲ ಮೇಡಂ. ಕಾರಿನ ಕಂಪ್ಯೂಟರಲ್ಲಿ ಒಂದು ದೋಷವೂ ದಾಖಲಾಗಿಲ್ಲ. ಕಾರನ್ನ ಕೇಳಿದ್ರೆ, ನಾನು ಚೆನ್ನಾಗಿದೀನಿ ಅನ್ನುತ್ತೆ.”

“ಕುಡುಕನ್ನ ಕೇಳಿದ್ರೂ ಹಾಗೇ ಅಂತಾನೆ” ಎಂದೆ.

ಅವಳು ನಗಲಿಲ್ಲ. ಸ್ಟೀರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಡಬ್ಬಿ ಸಿಕ್ಕಿಸಿದಳು. “ಎಂಜಿನ್ ಏನು ಮಾಡಿತು, ಯಾವ ಪೆಡಲ್ ಯಾವಾಗ ಒತ್ತಿದ್ರು, ಎಲ್ಲಾ ಇದು ಬರ್ಕೊಳ್ಳುತ್ತೆ. ನೀವೂ ಬರ್ಕೊಳ್ಳಿ. ಶನಿವಾರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.”

ಅವಳಿಗೆ ಸ್ಕ್ಯಾನರಮ್ಮ ಎಂದು ಹೆಸರಿಟ್ಟಿದ್ದೇನೆ. ಮುಖದೆದುರು ಕರೆದಿಲ್ಲ.

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ 7:10, 7:14, 7:15, 7:21. ನಾಲ್ಕು ಸಲ ಉಬ್ಬಸ. ಓಡಿಸುತ್ತಿದ್ದವರು ಸಾರಿ ಸಾಹೇಬರು.

ಇವರು ಟೈಲರ್. ಬಸ್ಸಿಗೆ ಸಾರಿ, ಸೈಕಲ್ಲಿಗೆ ಸಾರಿ, ಗೇರ್ ಕಿರುಗುಟ್ಟಿದರೆ ಗೇರಿಗೂ ಸಾರಿ. ಇವತ್ತು ದೀಪದ ಕಂಬಕ್ಕೆ ಹೇಳಿದರು. ಇನ್ನೂ ಎರಡು ಮಾರು ದೂರವಿತ್ತು ಅದು.

8:30ರಿಂದ 9:15, ಅಕ್ಕ. ಆರು ಸಲ.

ಅಕ್ಕನ ವಿಷಯ ಬರೆಯಲೇಬೇಕು. ನನಗಿಂತ ಆರು ವರ್ಷ ದೊಡ್ಡವಳು, ಐವತ್ತೆಂಟು. ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ಈಗ ನಿವೃತ್ತಿ. ಬಾಣಂತಿಯರ ಮನೆಮನೆಗೆ ಹೋಗಿ ನೋಡಿಕೊಳ್ಳುವ ಕೆಲಸವೊಂದು ಸಿಕ್ಕಿದೆ. ಏಪ್ರಿಲ್ ಒಂದರಿಂದ ಶುರು. ಅವರೇ ಕಾರು ಕೊಡುತ್ತಾರೆ, ಇವಳು ಲೈಸೆನ್ಸ್ ತರಬೇಕು. ಎರಡು ಸಲ ಟೆಸ್ಟಿನಲ್ಲಿ ಫೇಲಾಗಿದ್ದಾಳೆ. ಒಂದು ಸಲ ನಿಲ್ಲಬೇಕಾದ ಗೆರೆ ದಾಟಿ ಕಾರಿನ ಮೂತಿ ಆಚೆ ತೂರಿಸಿದಳು. ಇನ್ನೊಂದು ಸಲ ತಿರುವಿನಲ್ಲಿ ವೇಗ ಇಳಿಸದೆ, ಪರೀಕ್ಷೆ ಮಾಡುವ ಅಧಿಕಾರಿಯ ಕನ್ನಡಕ ಹಾರಿಸಿದಳು. ಮೂರನೆಯದು ಮಾರ್ಚ್ 27ಕ್ಕೆ. ಅದೂ ಹೋದರೆ ಕೆಲಸವೂ ಹೋಯಿತು.

ನನ್ನ ಜೊತೆ ಓಡಿಸುವಾಗ ಒಮ್ಮೆಯೂ ಗೆರೆ ದಾಟಿದವಳಲ್ಲ. ಪರೀಕ್ಷೆ ಎಂದರೆ ಸಾಕು, ತಲೆ ಎಲ್ಲಿಟ್ಟಿರುತ್ತಾಳೋ. “ಸಾವಿರಾರು ಹೆರಿಗೆ ಮಾಡಿಸಿದೀನಿ ಕಣೇ, ಇದೊಂದು ಕ್ಲಚ್ ಬಿಡೋಕೆ ಬರಲ್ವಲ್ಲ” ಎಂದು ನಕ್ಕಳು. ನಗುವ ವಿಷಯವಲ್ಲ ಎಂದು ಗದರಿದೆ.

ಮನೆಗೆ ಬಂದರೆ ಯಜಮಾನರು ಹಾಲು ಕಾಯಿಸುತ್ತಾ ನಿಂತಿದ್ದರು. ಉಕ್ಕುವುದಕ್ಕೆ ಮೊದಲೇ ಹೋಗಿ ಸ್ಟೌ ಆರಿಸಿದೆ. “ಇನ್ನೂ ಕಾದೇ ಇಲ್ಲ” ಎಂದರು. ಉಕ್ಕಿದ ಮೇಲೆ ಒರೆಸುವವಳು ನಾನು ತಾನೆ?

ಮಾರ್ಚ್ 6, ಗುರುವಾರ

ಒಟ್ಟು ಇಪ್ಪತ್ತೆರಡು ಸಲ. ಚೀಟಿಯಲ್ಲಿ ಜಾಗ ಸಾಲಲಿಲ್ಲ.

ಕಾಯಿಲೆ ಬೇರೆ ಕಡೆಗೂ ಹಬ್ಬಿದೆ. ಸಿಗ್ನಲ್ ಹತ್ತಿರ ಸ್ಕೂಟರಿನವನೊಬ್ಬ ಕಿಟಕಿ ಪಕ್ಕ ಬಂದು, “ನಿಮ್ಮ ಬ್ರೇಕ್ ಲೈಟ್ ಆರೋದೇ ಇಲ್ವಲ್ರೀ! ನಿಲ್ತೀರೋ ಹೋಗ್ತೀರೋ ನಮಗೆ ಹೇಗೆ ಗೊತ್ತಾಗಬೇಕು?” ಎಂದು ಕೂಗಾಡಿದ. ಸಾರಿ ಸಾಹೇಬರು ನಾಲ್ಕು ಸಲ ಸಾರಿ ಹೇಳಿದರು. ಸಂಜೆ ನಾನೇ ಕಾರನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ನೋಡಿದೆ. ಒತ್ತಿದರೆ ಹೊತ್ತುತ್ತದೆ, ಬಿಟ್ಟರೆ ಆರುತ್ತದೆ. ಸರಿಯಾಗಿಯೇ ಇದೆ. ಒಂದು ವರ್ಷದಲ್ಲಿ ಮೂರು ಸಲ ಬ್ರೇಕ್ ಪ್ಯಾಡ್ ಸವೆದು ಹೋದದ್ದನ್ನೂ ಚೀಟಿಯಲ್ಲಿ ಸೇರಿಸಿದ್ದೇನೆ. ಕಾರಿಗೆ ದೃಷ್ಟಿಯಾಗಿದೆ ಎನ್ನುವುದೊಂದು ಬಾಕಿ.

ಮಾರ್ಚ್ 8, ಶನಿವಾರ

ಗೆದ್ದೆ!

ಸ್ಕ್ಯಾನರಮ್ಮ ಡಬ್ಬಿ ಕಿತ್ತು, ಸ್ಲೇಟಿನ ಮೇಲೆ ಗೆರೆಗಳನ್ನು ತೋರಿಸಿದಳು. ಇವಳ ಯಂತ್ರದ ಹೊತ್ತೂ ನನ್ನ ಚೀಟಿಯ ಹೊತ್ತೂ ನಿಮಿಷಕ್ಕೆ ನಿಮಿಷ ಕೂಡಿಬಂತು. “ನಿಮ್ಮ ಗಡಿಯಾರ ಚೆನ್ನಾಗಿದೆ” ಎಂದಳು. ಇಷ್ಟು ದಿನದಲ್ಲಿ ಅವಳ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು.

ವಿಷಯ ಇಷ್ಟು. ಆಕ್ಸಿಲರೇಟರ್ ಒತ್ತಿರುವಾಗಲೇ ಬ್ರೇಕನ್ನೂ ಒತ್ತಿದರೆ ಈ ಕಾಲದ ಕಾರುಗಳಿಗೆ ಗಾಬರಿಯಾಗುತ್ತದಂತೆ. ಏನೋ ಅಪಾಯ ಇರಬೇಕೆಂದು ತಾವಾಗಿ ಎಂಜಿನ್ನಿನ ಶಕ್ತಿ ಇಳಿಸಿಬಿಡುತ್ತವೆ. ಅದೇ ಉಬ್ಬಸ. ಕಾರಿನ ದೋಷವಲ್ಲ, ಜಾಣತನ.

“ಟೈಲರ್ ಅವರ ಮುಕ್ಕಾಲು ಗಂಟೆ ಪಾಠದಲ್ಲಿ ಬ್ರೇಕ್ ಬಿದ್ದಿರೋದು ಇನ್ನೂರ ಹದಿನಾಲ್ಕು ಸಲ. ನಿಮ್ಮ ಅಕ್ಕನ ಪಾಠದಲ್ಲಿ ಇನ್ನೂರ ಮೂವತ್ತು. ನೀವೊಬ್ಬರೇ ಮನೆಗೆ ಹೋಗುವಾಗ ಹನ್ನೊಂದು, ಉಬ್ಬಸ ಒಂದೂ ಇಲ್ಲ.”

“ನೋಡಿದ್ಯಾ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎರಡು ಪೆಡಲ್ ಒಟ್ಟಿಗೆ ತುಳಿಯೋದು ಇವರು, ಹೆಸರು ಕೆಡೋದು ನನ್ನ ಕಾರಿಂದು!”

ಅವಳು ಸ್ಲೇಟನ್ನು ಪಕ್ಕಕ್ಕಿಟ್ಟಳು. “ಮೇಡಂ, ನಿಮ್ಮ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇದೆಯಲ್ಲ, ಕಲಿಸೋರಿಗೆ ಅಂತ. ಎರಡೂ ಸೇರೋದು ಒಂದೇ ಬ್ರೇಕಿಗೆ. ಯಾರ ಕಾಲು ಅಂತ ಈ ಡಬ್ಬಿಗೆ ಗೊತ್ತಾಗಲ್ಲ.” ಹೀಗೆನ್ನುತ್ತಲೇ ನನ್ನ ಕಡೆಯ ಪೆಡಲಿನ ಹಿಂದೆ ಅಂಗಿ ಗುಂಡಿಯಷ್ಟು ಪುಟ್ಟ ಸೆನ್ಸರ್ ಒಂದನ್ನು ಅಂಟಿಸತೊಡಗಿದಳು.

“ಅಂಟಿಸಮ್ಮ, ಧಾರಾಳವಾಗಿ ಅಂಟಿಸು. ನಾನು ಒತ್ತೋದು ಅಂದ್ರೆ ಪ್ರಾಣ ಹೋಗೋ ಹೊತ್ತಲ್ಲಿ ಮಾತ್ರ” ಎಂದೆ.

ಮಾರ್ಚ್ 10, ಸೋಮವಾರ

ಡ್ಯಾಶ್‌ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ: ಒಂದು ಹೊತ್ತಿಗೆ ಒಂದೇ ಪೆಡಲ್.

ಸಾರಿ ಸಾಹೇಬರು ಅದನ್ನು ಓದಿ, “ನಾನು ಒಂದೇ ಒತ್ತುತಾ ಇದೀನಿ ಅನ್ಕೊಂಡಿದ್ದೆ ಮೇಡಂ. ಮೂವತ್ತು ವರ್ಷ ಮೆಷೀನ್ ತುಳಿದ ಕಾಲು ಇದು. ಸಾರಿ” ಎಂದರು. ಅಕ್ಕ ಓದಿ, “ನನ್ನ ಬಲಗಾಲು ಒಂದೇ ಇರೋದಲ್ವೇನೇ? ಎರಡರ ಮೇಲೆ ಹೇಗಿಡಲಿ?” ಎಂದಳು. ತಪ್ಪು ಒಪ್ಪಿಕೊಳ್ಳುವುದೆಂದರೆ ಜನಕ್ಕೆ ಎಷ್ಟು ಕಷ್ಟ!

ಮಾರ್ಚ್ 15, ಶನಿವಾರ

ಗ್ಯಾರೇಜಿಗೆ ಹೋಗಿದ್ದೆ. ಬರೆಯುವಂಥದ್ದೇನೂ ನಡೆಯಲಿಲ್ಲ. ಅವಳ ಸ್ಕ್ಯಾನರ್ ಕೆಟ್ಟಿದೆ.

ಮಾರ್ಚ್ 16, ಭಾನುವಾರ

ಸ್ಕ್ಯಾನರ್ ಕೆಟ್ಟಿಲ್ಲ.

ಮಾರ್ಚ್ 17, ಸೋಮವಾರ

ಸರಿ, ಬರೆದೇಬಿಡುತ್ತೇನೆ. ಇದನ್ನು ಓದುವವರಾದರೂ ಯಾರು?

ಸ್ಲೇಟಿನ ಮೇಲೆ ಎರಡು ಬಣ್ಣದ ಗೆರೆ. ಹಸಿರು, ಓಡಿಸುವವರ ಪೆಡಲ್. ಕೆಂಪು, ನನ್ನದು. ಅಕ್ಕನ ಗುರುವಾರದ ಪಾಠದಲ್ಲಿ ಬ್ರೇಕ್ ಬಿದ್ದದ್ದು ಇನ್ನೂರ ಮೂವತ್ತೊಂದು ಸಲ. ಕೆಂಪು ನೂರ ತೊಂಬತ್ತೆಂಟು.

ಮೊದಲು ನನ್ನ ಚಪ್ಪಲಿ ಭಾರ ಎಂದೆ. ಆಮೇಲೆ ರಸ್ತೆಯ ಹಳ್ಳದಿಂದ ಕಾಲು ಕುಲುಕಿರಬೇಕು ಎಂದೆ. ಸ್ಕ್ಯಾನರಮ್ಮ ವಾದಕ್ಕೇ ಬರಲಿಲ್ಲ. “ಬನ್ನಿ ಮೇಡಂ, ಒಂದು ಸುತ್ತು ಹೋಗಿಬರೋಣ. ನಾನು ಓಡಿಸ್ತೀನಿ. ನೀವು ಸುಮ್ಮನೆ ಕೂತಿರಿ” ಎಂದಳು.

ಅವಳು ಓಡಿಸುವುದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅವಳ ಪಕ್ಕ ನಾನು ಕಾಲು ಕಲ್ಲು ಮಾಡಿಕೊಂಡು ಕುಳಿತೆ. ಮಾರ್ಕೆಟ್ ಸುತ್ತಿ, ಶಾಲೆಯ ಹಿಂದಿನ ರಸ್ತೆಯಿಂದ ಬಂದೆವು. ಎಂಟು ನಿಮಿಷ.

“ನಾನು ಒಂದು ಸಲವೂ ಒತ್ತಲಿಲ್ಲ” ಎಂದೆ.

“ಹದಿನೇಳು ಮೇಡಂ.”

ನಾನು ಸ್ಲೇಟ್ ಕಿತ್ತುಕೊಂಡು ನೋಡಿದೆ. ಹದಿನೇಳು ಕೆಂಪು ಮುಳ್ಳು, ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು. ಬ್ರೇಕ್ ಪ್ಯಾಡ್, ಆರದ ಲೈಟು, ಉಬ್ಬಸ, ಎಲ್ಲದಕ್ಕೂ ಒಂದೇ ಔಷಧಿ ಇರುವುದಂತೆ. ಅದೇನು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ನನ್ನ ಕಾಲಿನ ಕಡೆ ನೋಡಿದಳು ಅಷ್ಟೆ.

ಹತ್ತೊಂಬತ್ತು ವರ್ಷದಲ್ಲಿ ನನ್ನ ಕಾರಿಗೆ ಒಂದು ಗೀರು ಬಿದ್ದಿಲ್ಲ. ಎಲ್ಲರೂ ಹೊಗಳುತ್ತಾರೆ. ಆ ಹೊಗಳಿಕೆ ತಿಂದೇ ಈ ಕಾಲು ಕೊಬ್ಬಿರಬೇಕು.

ಮಾರ್ಚ್ 18, ಮಂಗಳವಾರ

ಅಕ್ಕನಿಗೆ ಹೇಳದೆ ಇರಲು ಆಗಲಿಲ್ಲ. ಪಾಠ ಮುಗಿದ ಮೇಲೆ ಕಾರು ನಿಲ್ಲಿಸಿ ಹೇಳಿದೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ವಾರ್ಡಲ್ಲಿ ಹೊಸದಾಗಿ ಬಂದ ನರ್ಸುಗಳೂ ಹೀಗೇ ಕಣೇ. ತಾಯಿಗಿಂತ ಮೊದಲು ಇವರೇ ಮುಕ್ಕುತಾ ಇರ್ತಾರೆ. ಕೈ ಹಾಕೋದು ಸುಲಭ. ಕೈ ಕಟ್ಕೊಂಡು ಪಕ್ಕದಲ್ಲಿ ನಿಲ್ಲೋದಿದೆಯಲ್ಲ, ಅದು ಕಲಿಯೋಕೆ ನನಗೆ ಹತ್ತು ವರ್ಷ ಬೇಕಾಯ್ತು.”

ಆಮೇಲೆ ನಗು ನಿಂತಿತು. ಸ್ಟೀರಿಂಗ್ ಹಿಡಿದುಕೊಂಡೇ ಏನೋ ಲೆಕ್ಕ ಹಾಕಿದಳು.

“ಟೆಸ್ಟಿನ ದಿನ ನಿನ್ನ ಸೀಟಲ್ಲಿ ಆ ಅಧಿಕಾರಿ ಕೂತಿದ್ರು.”

“ಹೂಂ.”

“ಅವರು ಒತ್ತಲ್ಲ.”

“ಇಲ್ಲ.”

“ಅಂದ್ರೆ ನಾಲ್ಕು ತಿಂಗಳಿಂದ ನಾನು ಬ್ರೇಕ್ ಹಾಕಿಯೇ ಇಲ್ಲ. ಎಲ್ಲಾ ನೀನೇ ಹಾಕಿದೀಯ.” ಅವಳ ದನಿ ಸಣ್ಣದಾಯಿತು. “ಎರಡು ಸಲ ಫೇಲಾದ ಮೇಲೆ, ನನಗೆ ವಯಸ್ಸಾಯ್ತು, ಕಣ್ಣು ಕೈ ಕೂಡ್ತಾ ಇಲ್ಲ, ಇನ್ನು ಮನೇಲಿ ಬಿದ್ದಿರೋದೇ ಸರಿ ಅಂತ ಎಷ್ಟು ದಿನ ಅತ್ತಿದೀನಿ ಗೊತ್ತೇನೇ ನಿನಗೆ?”

ಗೊತ್ತಿರಲಿಲ್ಲ. ನನ್ನೆದುರು ಅವಳು ನಗುವುದು ಬಿಟ್ಟು ಇನ್ನೇನೂ ಮಾಡಿಲ್ಲ.

ಬಾಗಿಲು ತೆಗೆದು ಇಳಿದು, ನಡೆದುಕೊಂಡೇ ಮನೆಗೆ ಹೋದಳು. ಅಕ್ಕಾ ಎಂದು ಎರಡು ಸಲ ಕೂಗಿದೆ. ನಿಲ್ಲಲಿಲ್ಲ.

ಮಾರ್ಚ್ 19, ಬುಧವಾರ

ನಾಳೆ ಬರುತ್ತಾಳೋ ಇಲ್ಲವೋ.

ಮಾರ್ಚ್ 20, ಗುರುವಾರ

ಬಂದಳು. ಎಂಟೂವರೆಗೆ ಸರಿಯಾಗಿ. ಗುಡ್ ಮಾರ್ನಿಂಗ್ ಇಲ್ಲ, ಏನಿಲ್ಲ.

“ಕಾಲು ಮೇಲೆ” ಎಂದಳು.

“ಏನು?”

“ಕಾಲು ಎತ್ತಿ ಸೀಟಿನ ಮೇಲಿಟ್ಕೋ. ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೋ. ಇಲ್ಲಾಂದ್ರೆ ನಾನು ಹತ್ತಲ್ಲ.”

ಐವತ್ತೆರಡು ವರ್ಷದ ನಾನು, ಡ್ರೈವಿಂಗ್ ಸ್ಕೂಲಿನ ಒಡತಿ, ಊಟಕ್ಕೆ ಕೂತವರ ಹಾಗೆ ಕಾರಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಊರೆಲ್ಲ ಸುತ್ತಿದೆ. ಬಸ್ ಸ್ಟಾಪಿನಲ್ಲಿ ನಿಂತಿದ್ದವರೆಲ್ಲ ನೋಡಿದರು. ಖಾಲಿ ರಸ್ತೆಯಲ್ಲಿ ಮೊದಲು ಹತ್ತು ಸಲ ನಿಲ್ಲಿಸಿದಳು, ಹತ್ತು ಸಲವೂ ನನ್ನ ಹಣೆ ಮುಂದಿನ ಗಾಜಿಗೆ ನಮಸ್ಕಾರ ಮಾಡುವುದೊಂದು ಬಾಕಿ. ಆಮೇಲೆ ಮಾರ್ಕೆಟ್ ಕಡೆ ತಿರುಗಿಸಿದಳು. ಎದುರಿಗೆ ಕಸದ ಲಾರಿ ನಿಂತಿತ್ತು. ನನ್ನ ಹೊಟ್ಟೆಯೊಳಗೆ ಒಂದು ಕಾಲು ಹುಟ್ಟಿ ಒತ್ತತೊಡಗಿತು. “ಅಕ್ಕಾ... ಅಕ್ಕಾ...” ಎಂದೆ.

“ಬಾಯಿಗೂ ಒಂದು ಪೆಡಲ್ ಇದೆಯೇನೇ?” ಎಂದಳು.

ಕಾರು ನಿಂತಿತು. ಲಾರಿಗೂ ನಮಗೂ ನಡುವೆ ಒಬ್ಬರು ಆರಾಮವಾಗಿ ದಾಟುವಷ್ಟು ಜಾಗವಿತ್ತು. ಒಬ್ಬರು ದಾಟಿದರು ಕೂಡ.

ಇಡೀ ಪಾಠದಲ್ಲಿ ಒಂದು ಸಲವೂ ಉಬ್ಬಸ ಬರಲಿಲ್ಲ. ಇಳಿಯುವಾಗ ನನಗೇ ಎದ್ದು ನಿಲ್ಲಲು ಆಗಲಿಲ್ಲ, ಎರಡೂ ಕಾಲು ಜೋಮು ಹಿಡಿದಿದ್ದವು. ಅಕ್ಕನೇ ಬಂದು ಕೈ ಕೊಟ್ಟು ಇಳಿಸಿದಳು. ಕೋಪ ಪೂರ್ತಿ ಹೋಗಿರಲಿಲ್ಲ, ಆದರೂ ಕೈ ಕೊಟ್ಟಳು.

ಮಾರ್ಚ್ 22, ಶನಿವಾರ

ಗ್ಯಾರೇಜು. ಗುರುವಾರ ಅಕ್ಕನ ಪಾಠದಲ್ಲಿ ಕೆಂಪು ಗೆರೆಯಲ್ಲಿ ಒಂದೂ ಮುಳ್ಳಿಲ್ಲ. ಶುಕ್ರವಾರ ಟೈಲರ್ ಅವರ ಪಾಠದಲ್ಲಿ ಕಾಲು ಕೆಳಗಿಟ್ಟು ಕುಳಿತಿದ್ದೆ. ಒಂಬತ್ತು.

“ಒಂಬತ್ತರಲ್ಲಿ ಎರಡು ಬೇಕಾಗಿತ್ತು. ಎಮ್ಮೆಯೊಂದು ಅಡ್ಡ ಬಂತು” ಎಂದೆ.

“ಇರಬಹುದು ಮೇಡಂ. ಎಮ್ಮೆ ಬಂದದ್ದು ಇದರಲ್ಲಿ ಕಾಣಲ್ಲ” ಎಂದು ಸ್ಕ್ಯಾನರಮ್ಮ ಕೊನೆಗೂ ನಕ್ಕಳು. ಮುಂದಿನ ಒಂದು ಹಲ್ಲು ತುಸು ಸೊಟ್ಟಗಿದೆ, ನಕ್ಕರೆ ಚೆನ್ನಾಗಿ ಕಾಣುತ್ತಾಳೆ. ಸೆನ್ಸರ್ ಬಿಚ್ಚಲೇ ಎಂದು ಕೇಳಿದಳು. ಇನ್ನೊಂದು ತಿಂಗಳು ಇರಲಿ ಎಂದೆ.

ಟೈಲರ್ ಅವರ ಕಾಲು ನಿಜಕ್ಕೂ ಹದವಾಗಿದೆ. ಮೂವತ್ತು ವರ್ಷ ಸೂಜಿಯ ವೇಗವನ್ನು ಕಾಲಿನ ಹೆಬ್ಬೆರಳಲ್ಲಿ ಆಡಿಸಿದವರು. ನಾನು ಇದನ್ನು ಮೊದಲೇ ನೋಡಬಹುದಿತ್ತು. ಅವರಿಗೂ 27ಕ್ಕೇ ಟೆಸ್ಟ್ ಬರೆಸಿದ್ದೇನೆ.

ಬೆಳಿಗ್ಗೆ ಹಾಲು ಉಕ್ಕಿ ಸ್ಟೌ ತುಂಬ ಹರಿಯಿತು. ಯಜಮಾನರೇ ಒರೆಸಿದರು. ಪಾಪ, ಮೂಲೆಯಲ್ಲಿ ಸ್ವಲ್ಪ ಉಳಿದಿತ್ತು. ಇರಲಿ.

ಮಾರ್ಚ್ 27, ಗುರುವಾರ

ಅದೇ ಅಧಿಕಾರಿ. ಈ ಸಲ ಕನ್ನಡಕಕ್ಕೆ ದಾರ ಕಟ್ಟಿಕೊಂಡು ಬಂದಿದ್ದರು. ನನ್ನ ಸೀಟಿನಲ್ಲಿ ಕುಳಿತು ಪಟ್ಟಿ ಬಿಗಿದುಕೊಂಡರು. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನೂ ಟೈಲರ್ ಅವರೂ ಬೇಲಿಯ ಹೊರಗೆ ನಿಂತೆವು. ಅವರ ಸರದಿ ಮುಂದಿನದು. ಅಕ್ಕ ಎಂಟರ ಅಂಕಿಯಂತೆ ಸುತ್ತು ಹಾಕಿದಳು, ಏರು ಹತ್ತಿದಳು, ಹಿಂದೆ ತಂದು ಕಂಬಗಳ ನಡುವೆ ನಿಲ್ಲಿಸಿದಳು. ನಿಲ್ಲಬೇಕಾದ ಗೆರೆಯ ಕಡೆ ಹೊರಟಾಗ, ಪಕ್ಕದ ಶೆಡ್ಡಿನಿಂದ ನೀರಿನ ಟ್ಯಾಂಕರ್ ಒಂದು ಹಾರ್ನ್ ಇಲ್ಲದೆ, ಸೂಚನೆ ಇಲ್ಲದೆ ಹಿಂದಕ್ಕೆ ಬಂತು. ಸೀದಾ ಅಕ್ಕನ ದಾರಿಗೆ ಅಡ್ಡ.

ನಾನು ಉಸಿರು ಬಿಗಿಹಿಡಿದು ಒತ್ತಿದೆ. ಇನ್ನೂ ಒತ್ತಿದೆ.

ಕಾರು ನಿಂತಿತು. ಎಷ್ಟು ಹಗುರವಾಗಿ ನಿಂತಿತೆಂದರೆ ಅಧಿಕಾರಿಯ ಕನ್ನಡಕ ಮೂಗಿನ ಮೇಲೇ ಇತ್ತು. ಅವರೇ ಕಿಟಕಿಯಿಂದ ತಲೆ ಹೊರಹಾಕಿ ಟ್ಯಾಂಕರಿನವನಿಗೆ ಬಾಯಿಗೆ ಬಂದದ್ದು ಬೈದರು. ಅಕ್ಕ ಕೈ ಕಟ್ಟಿಕೊಂಡು ಕಾದಳು. ಆಮೇಲೆ ಮೆಲ್ಲಗೆ ಮುಂದೆ ಹೋಗಿ ಗೆರೆಗೆ ಒಂದು ಗೇಣು ಹಿಂದೆ ನಿಲ್ಲಿಸಿದಳು.

“ಮೇಡಂ” ಎಂದರು ಟೈಲರ್, ಬಹಳ ಮೆಲುದನಿಯಲ್ಲಿ. “ಸಾರಿ. ಅದು ನನ್ನ ಕಾಲು.”

ನೋಡಿದರೆ ಅವರ ಹೊಸ ಬೂಟಿನ ಮೇಲೆ ನನ್ನ ಪೂರಾ ಪಾದ! ಈ ಸಲ ನಾನು ಸಾರಿ ಹೇಳಿದೆ, ನಾಲ್ಕು ಸಲ. ಆ ಕುಂಟುಗಾಲಲ್ಲೇ ಹೋಗಿ ಅವರೂ ಪಾಸಾಗಿ ಬಂದರು.

ಅಕ್ಕ ಇಳಿದು ಬಂದಳು. ಅಳುತ್ತಾಳೇನೋ ಅಂದುಕೊಂಡೆ, ಅತ್ತದ್ದು ನಾನು. “ಏಯ್, ಸಾಕು ಸುಮ್ನಿರೇ. ಪಾಸಾಗಿದ್ದು ನಾನು” ಎಂದು ತನ್ನ ಸೆರಗಿನಲ್ಲೇ ನನ್ನ ಮುಖ ಒರೆಸಿದಳು.

ಏಪ್ರಿಲ್ 1, ಮಂಗಳವಾರ

ಅಕ್ಕನಿಗೆ ಇವತ್ತು ಕೆಲಸದ ಮೊದಲ ದಿನ. ಸಂಜೆ ಫೋನ್ ಮಾಡಿದಳು. ನಾಲ್ಕು ಮನೆ, ನಲವತ್ತು ಕಿಲೋಮೀಟರ್. ಒಂದು ಮಗು ಅವಳ ಮಡಿಲಲ್ಲಿ ಒಂದು ಮಾಡಿತಂತೆ. ಅವಳು ಹೇಳುವವರೆಗೂ ಇವತ್ತು ಒಂದನೇ ತಾರೀಕು ಎನ್ನುವುದೇ ನನ್ನ ತಲೆಯಲ್ಲಿರಲಿಲ್ಲ. ವಯಸ್ಸಾಗುತ್ತಿದೆ ನನಗೆ.

ಏಪ್ರಿಲ್ 3, ಗುರುವಾರ

ಹೊಸಬರೊಬ್ಬರು ಸೇರಿದ್ದಾರೆ. ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್, ಮುಂದಿನ ವರ್ಷ ನಿವೃತ್ತಿಯಂತೆ. ಬಂದವರೇ ಕಾರಿನ ಸುತ್ತ ಒಂದು ಸುತ್ತು ಬಂದು, ಟೈರಿಗೆ ಗಾಳಿ ಕಡಿಮೆ ಇದೆ ಎಂದರು. ಕೈಯಲ್ಲಿ ನೋಟ್‌ಬುಕ್ಕು, ಪೆನ್ನು. ಅವರ ದನಿ ಕೇಳಿ ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು ಸೈಕಲ್ಲಿನವರು ತಾವಾಗಿಯೇ ಇಳಿದು ನಡೆದರು.

ಸೀಟಿನಲ್ಲಿ ಕುಳಿತರು. ಬಾಗಿಲು ಹಾಕಿಕೊಂಡರು. ಕೀ ತಿರುಗಿಸಿ ಎಂದೆ, ತಿರುಗಿಸಿದರು. ಎಂಜಿನ್ ಹೊತ್ತಿತು. ಹೊರಡಿ ಎಂದೆ, ಹೊರಡಲಿಲ್ಲ. ಗಾಜು ಏರಿಸಿದರು, ಹಿಂದೆ ಮುಂದೆ ನೋಡಿದರು. ಆಮೇಲೆ, ಶಾಲೆಯಲ್ಲಿ ಯಾರೂ ಕೇಳಿರಲಾರದಷ್ಟು ಸಣ್ಣ ದನಿಯಲ್ಲಿ,

“ಮೇಡಂ, ನನಗೆ ತುಂಬಾ ಭಯ ಆಗುತ್ತೆ” ಎಂದರು.

ಹತ್ತೊಂಬತ್ತು ವರ್ಷ ಈ ಮಾತಿಗೆ ನಾನು ಕೊಟ್ಟ ಉತ್ತರ ಒಂದೇ: ಭಯ ಯಾಕೆ, ನಾನಿದ್ದೀನಲ್ಲ. ಇವತ್ತು ಅದು ಬಾಯಿಗೆ ಬರಲಿಲ್ಲ.

“ನನಗೂ ಆಗುತ್ತೆ. ದಿನಾ ಆಗುತ್ತೆ. ಗಾಡಿ ತೆಗೀರಿ” ಎಂದೆ.

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ನೋಟ್‌ಬುಕ್ ಹಿಂದಿನ ಸೀಟಿಗೆ ಎಸೆದು, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಕ್ಲಚ್ ಬಿಟ್ಟರು. ಎಂಜಿನ್ ಆರಿಹೋಯಿತು. ಮತ್ತೆ ಹೊತ್ತಿಸಿದರು.